ಹೊಳೆ ಸುರಿದ ಬಣ್ಣ, ಮಗಳು ಸುರಿದ ಬಣ್ಣ

ನಮ್ಮ ಕಡೆ ನದಿ ತುಂಬಿ ಹರಿಯತೊಡಗಿದರೆ 'ಹೊಳಿ ಬಂದದ' ಎನ್ನುತ್ತಾರೆ. ಬೇಸಿಗೆಯೆಲ್ಲ ಹೊಳೆ ಯಾವುದೋ ಊರಿಗೆ ಹೋಗಿತ್ತು, ಈಗ ಮನೆಗೆ ಮರಳಿದೆ ಎಂಬ ಧಾಟಿಯ ಮಾತು ಅದು. ಜುಲೈ ತಿಂಗಳಲ್ಲಿ ಒಂದು ದಿನ ಗೋಕಾಕದ ಬಸ್ ನಿಲ್ದಾಣದಲ್ಲಿ ಈ ಸುದ್ದಿ ಹಬ್ಬುತ್ತದೆ. ಮಳೆ ಬಿದ್ದದ್ದು ದೂರದ ಸಹ್ಯಾದ್ರಿಯಲ್ಲಿ. ಇಲ್ಲಿ ಬಿಸಿಲು ಬಿದ್ದಿದ್ದರೂ ಇರಬಹುದು. ಆದರೂ ಜನ ಕೊಡೆ ಹಿಡಿದು, ಮಕ್ಕಳ ಕೈ ಹಿಡಿದು, ಆರು ಕಿಲೋಮೀಟರ್ ದೂರದ ಫಾಲ್ಸಿನ ದಾರಿ ಹಿಡಿಯುತ್ತಾರೆ.

ಗೋಕಾಕ ಫಾಲ್ಸ್ ಎಂಬುದು ಜಲಪಾತದ ಹೆಸರೂ ಹೌದು, ಊರಿನ ಹೆಸರೂ ಹೌದು. ನೀರಿನ ಬಲವನ್ನು ನಂಬಿಕೊಂಡು 1885ರಲ್ಲಿ ಹುಟ್ಟಿದ ನೂಲಿನ ಗಿರಣಿಯ ಸುತ್ತ ಬೆಳೆದ ಊರು. ಬಂಡೆಯ ಅಂಚಿನಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿ, ಅದರ ಆಚೆ ನದಿಯನ್ನು ದಾಟುವ ಸುಮಾರು ಇನ್ನೂರು ಮೀಟರ್ ಉದ್ದದ ತೂಗುಸೇತುವೆ, ಕೆಳಗೆ ಕುದುರೆಯ ಲಾಳದಂತೆ ಬಾಗಿದ ಬಂಡೆಯ ಗೋಡೆ. ಘಟಪ್ರಭೆ ಅಲ್ಲಿಂದ 52 ಮೀಟರ್, ಅಂದರೆ 171 ಅಡಿ ಕೆಳಗೆ ಧುಮುಕುತ್ತಾಳೆ. ಹೊಳೆ ಬಂದಾಗ ನೀರು ತಿಳಿಯಾಗಿರುವುದಿಲ್ಲ. ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಜೋಗದ ಬೆಳ್ಳಿಯ ಬಣ್ಣವನ್ನು ನಿರೀಕ್ಷಿಸಿ ಬಂದ ಬೆಂಗಳೂರಿನ ನೆಂಟರು 'ಇಷ್ಟು ಕೆಸರಾ?' ಎಂದು ಮೂಗು ಮುರಿಯುವುದನ್ನು ನೋಡಿದ್ದೇನೆ. ನನಗಂತೂ ಅದೇ ಬಣ್ಣ ಇಷ್ಟ. ಅದು ಹತ್ತಾರು ಊರುಗಳ ಹೊಲದ ಮಣ್ಣು.

ನಾನು ಹುಕ್ಕೇರಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಪ್ರತಿವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಇಲ್ಲಿಗೆ ಕರೆತಂದು ಒಂದು ಲೆಕ್ಕ ಕೊಡುತ್ತೇನೆ: ಮೇಲಿನ ಅಂಚು ಬಿಟ್ಟ ಹನಿ ತಳ ಮುಟ್ಟಲು ಎಷ್ಟು ಹೊತ್ತು ಬೇಕು? ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ ಉತ್ತರ 3.3 ಸೆಕೆಂಡ್, ಆಗ ಅದರ ವೇಗ ಗಂಟೆಗೆ ಸುಮಾರು 115 ಕಿಲೋಮೀಟರ್. ನಮ್ಮ ಬಸ್ಸಿಗಿಂತ ಜೋರು ಎಂದರೆ ಮಕ್ಕಳು ನಗುತ್ತಾರೆ. ನಂತರ ಸುಟ್ಟ ಗೋವಿನಜೋಳದ ತೆನೆ, ಊರಿಗೆ ಒಯ್ಯಲು ಕರದಂಟು. ಪ್ರವಾಸ ಮುಗಿಯಿತು.

ಕಳೆದ ವರ್ಷದ ಜುಲೈನಲ್ಲಿ ಮಾತ್ರ ನಾನು ಮಕ್ಕಳ ಜೊತೆ ಹೋಗಲಿಲ್ಲ. ಮಗಳೊಬ್ಬಳನ್ನೇ ಕರೆದುಕೊಂಡು ಹೋದೆ. ನಮ್ಮಿಬ್ಬರ ನಡುವೆ ಎರಡು ವಾರದಿಂದ ಸರಿಯಾಗಿ ಮಾತಿರಲಿಲ್ಲ.

ಕಾರಣ ಹೇಳಬೇಕು. ಅವಳು ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಳು. ಅಂಕಗಳು ಕೆಟ್ಟವೇನಲ್ಲ. ಬಿ.ಎಸ್ಸಿ. ಮಾಡಲಿ, ಮುಂದೆ ನನ್ನ ಹಾಗೆ ಬಿ.ಎಡ್. ಮಾಡಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ನಕ್ಷೆ ಹಾಕಿದ್ದೆ. ಅವಳು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ಅರ್ಜಿ ತಂದು ಮೇಜಿನ ಮೇಲಿಟ್ಟಳು. ಜೊತೆಗೆ ತಾನು ಮಾಡಿದ ನಾಲ್ಕು ಹಲಗೆಗಳನ್ನೂ ಇಟ್ಟಳು. ಮರವಿಲ್ಲ, ಮನೆಯಿಲ್ಲ, ಮನುಷ್ಯನ ಮುಖವಿಲ್ಲ. ನೀಲಿ, ಬಿಳಿ, ಕಪ್ಪು, ಅರಿಷಿಣ ಬಣ್ಣಗಳು ಒಂದರೊಳಗೊಂದು ಹರಿದು, ಅಲ್ಲಲ್ಲಿ ಜೇನುಗೂಡಿನಂತೆ ಕಣ್ಣು ಬಿಟ್ಟುಕೊಂಡು ನಿಂತಿದ್ದವು. ಕುಂಚ ಮುಟ್ಟಿಯೇ ಇಲ್ಲವಂತೆ. ಅಕ್ರಿಲಿಕ್ ಬಣ್ಣಗಳನ್ನು ತೆಳುವಾಗಿ ಕಲಸಿ, ಒಂದೇ ಲೋಟದಲ್ಲಿ ಪದರ ಪದರವಾಗಿ ಹಾಕಿ, ಹಲಗೆಯ ಮೇಲೆ ಬೋರಲು ಹಾಕಿ, ಹಲಗೆಯನ್ನು ಅತ್ತಿತ್ತ ವಾಲಿಸುವುದು. ಅಷ್ಟೇ.

"ಇದು ಬಿಡಿಸಿದ್ದಲ್ಲ, ಚೆಲ್ಲಿದ್ದು. ಚೆಲ್ಲಾಕ ನಾಲ್ಕು ವರ್ಷ ಕಾಲೇಜು ಯಾಕ ಬೇಕು?" ಎಂದುಬಿಟ್ಟೆ.

ಅವಳು ಉತ್ತರ ಕೊಡಲಿಲ್ಲ. ಹಲಗೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಇಪ್ಪತ್ತೆಂಟು ವರ್ಷ ಬೇರೆಯವರ ಮಕ್ಕಳಿಗೆ 'ಪ್ರಶ್ನೆ ಕೇಳಿರಿ' ಎಂದು ಹೇಳಿದವನು ನಾನು. ನನ್ನ ಮಗಳಿಗೆ ಒಂದು ಪ್ರಶ್ನೆಯನ್ನೂ ಕೇಳದೆ ತೀರ್ಪು ಕೊಟ್ಟಿದ್ದೆ. ಇದನ್ನು ನನಗೆ ತೋರಿಸಿಕೊಟ್ಟವಳು ಮನೆಯಾಕೆ. ತೋರಿಸಿಕೊಟ್ಟ ರೀತಿಯನ್ನು ಇಲ್ಲಿ ಬರೆಯುವುದು ಬೇಡ. 'ಅಕೀನ್ನ ಕರಕೊಂಡು ಎಲ್ಲಿಗಾದರೂ ಹೋಗಿ ಬರ್ರಿ' ಎಂಬ ಅಪ್ಪಣೆಯಂತೆ ನಾವಿಬ್ಬರೂ ಫಾಲ್ಸಿಗೆ ಬಂದದ್ದು.

ಆ ದಿನ ಹೊಳೆ ಜೋರಿತ್ತು. ತೂಗುಸೇತುವೆಯ ಮೇಲೆ ಬಿಡಲಿಲ್ಲ. ಗುಡಿಯ ಕಡೆಯ ಕಟಾಂಜನದ ಬಳಿ ನಿಂತು ನೋಡಿದೆವು. ನೀರು ಬಂಡೆಯ ತುದಿಯಲ್ಲಿ ದಪ್ಪ ಗಾಜಿನ ಹಾಳೆಯಂತೆ ನಯವಾಗಿ ಬಾಗುತ್ತದೆ. ಇಳಿಯುತ್ತ ಇಳಿಯುತ್ತ ವೇಗ ಹೆಚ್ಚಿ ಹಾಳೆ ತೆಳುವಾಗುತ್ತದೆ, ಹರಿಯುತ್ತದೆ, ಎಳೆಗಳಾಗಿ, ಕೊನೆಗೆ ಹೊಗೆಯಂಥ ಹನಿಗಳಾಗಿ ಹೋಗುತ್ತದೆ. ಎಲ್ಲೆಲ್ಲಿ ಮಣ್ಣು ಹೆಚ್ಚೋ ಅಲ್ಲಿ ಕಂದು, ಎಲ್ಲಿ ಗಾಳಿ ಸೇರಿತೋ ಅಲ್ಲಿ ಬಿಳಿ. ಈ ಎರಡರ ಪಟ್ಟೆಗಳನ್ನು ನೋಡಿ ನನಗೆ ರಾಜಿಯ ದಾರಿ ಹೊಳೆಯಿತು. "ನೋಡು, ನಿನ್ನ ಚಿತ್ರ ಇಲ್ಲೇ ಅದ. ಹೊಳಿನೂ ಬಣ್ಣ ಸುರೀತದ" ಎಂದೆ.

ಮಗಳು ಸ್ವಲ್ಪ ಹೊತ್ತು ನೋಡಿದಳು. "ಹಂಗಾದ್ರ ಅಪ್ಪಾ, ಕೆಳಗ ನೀರೆಲ್ಲಾ ಕಲಸಿ ಒಂದ ಬಣ್ಣ ಆಗ್ತದ. ನನ್ನ ಹಲಗಿ ಮ್ಯಾಲ ಯಾಕ ಆಗೂದಿಲ್ಲ? ನೀಲಿ ನೀಲಿನ ಉಳೀತದ, ಬಿಳಿ ಬಿಳಿನ ಉಳೀತದ" ಎಂದಳು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಕೂಡಲೇ ಉತ್ತರ ಬರಲಿಲ್ಲ. ನನ್ನ ಹೋಲಿಕೆ ತಪ್ಪಾಗಿತ್ತು ಎಂಬುದು ಮಾತ್ರ ತಿಳಿಯಿತು. ಜೋಳದ ತೆನೆ ತಿನ್ನುತ್ತ ಯೋಚಿಸಿದ ಮೇಲೆ ಸರಿಯಾದ ಪದ ನೆನಪಾಯಿತು: ಸ್ನಿಗ್ಧತೆ. ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಒಳಗೊಳಗೇ ಆಗುವ ತಡೆ. ನೀರಿಗೆ ಅದು ಬಹಳ ಕಡಿಮೆ. ವೇಗ ಸ್ವಲ್ಪ ಹೆಚ್ಚಿದರೂ ನೀರು ಸುಳಿಯಾಗಿ, ಸುಳಿಯೊಳಗೆ ಸುಳಿಯಾಗಿ ಕಲಸಿಹೋಗುತ್ತದೆ. ಜೇನುತುಪ್ಪ, ಕಾಕಂಬಿ, ಕಲಸಿದ ಅಕ್ರಿಲಿಕ್ ಬಣ್ಣ ಇವೆಲ್ಲ ಗಟ್ಟಿ ಕುಳಗಳು. ಅವು ಹರಿದರೂ ಶಿಸ್ತಾಗಿ, ಸಾಲು ಬಿಡದೆ ಹರಿಯುತ್ತವೆ. ಪಕ್ಕಪಕ್ಕದ ಎರಡು ಬಣ್ಣಗಳು ಉದ್ದವಾಗುತ್ತವೆ, ತೆಳುವಾಗುತ್ತವೆ, ಮಡಚಿಕೊಳ್ಳುತ್ತವೆ. ಕಲಸಿಹೋಗುವ ಮೊದಲೇ ಒಣಗಿಬಿಡುತ್ತವೆ. ಹಲಗೆಯ ಮೇಲೆ ನಾವು ನೋಡುವುದು ಆ ಹರಿವಿನ ಹೆಜ್ಜೆಗುರುತನ್ನು.

ಅವಳ ಚಿತ್ರಕ್ಕೆ ನಿಜವಾಗಿ ಹತ್ತಿರವಾದದ್ದು ಜಲಪಾತದಲ್ಲಿ ಇರಲಿಲ್ಲ. ಮರಳಿ ಬರುವಾಗ ಅದನ್ನು ಮೊದಲು ಕಂಡವಳು ಅವಳೇ. ಮೇಲ್ಭಾಗದಲ್ಲಿ, ಹರಿವಿನಿಂದ ಬೇರೆಯಾಗಿ ಬಂಡೆಯ ಕುಳಿಯೊಂದರಲ್ಲಿ ನಿಂತ ನೀರು. ಕಂದು ನೀರಿನ ಮೇಲೆ ಬಿಳಿ ನೊರೆ ತೇಲುತ್ತಿತ್ತು. ಗಾಳಿ ಬೀಸಿದಂತೆ ನೊರೆಯ ಗೆರೆಗಳು ನಿಧಾನವಾಗಿ ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದವು. ಕೊಳೆತ ಎಲೆ, ಹುಲ್ಲಿನಿಂದ ಬಂದ ವಸ್ತುಗಳು ಸಾಬೂನಿನಂತೆ ನೀರಿನ ಮೇಲ್ಮೈ ಸೆಳೆತವನ್ನು ಕಡಿಮೆ ಮಾಡುವುದರಿಂದ ಇಂಥ ನೊರೆ ಹುಟ್ಟಿ ಉಳಿಯುತ್ತದೆ. ಅವಳು ದೂರದಿಂದಲೇ ಫೋಟೋ ತೆಗೆದಳು. ಬಂಡೆ ಪಾಚಿಗಟ್ಟಿತ್ತು, ಹತ್ತಿರ ಹೋಗಲು ನಾನು ಬಿಡಲಿಲ್ಲ. ಮಳೆಗಾಲದಲ್ಲಿ ಇಲ್ಲಿಗೆ ಬರುವ ಹುಡುಗರು ಸೆಲ್ಫಿಗಾಗಿ ಆ ಬಂಡೆಯಂಚಿಗೆ ಹೋಗದಿದ್ದರೆ ಅವರ ತಂದೆತಾಯಿಗಳ ಪುಣ್ಯ.

ಆ ನೊರೆಯ ಫೋಟೋ ನೋಡುತ್ತ ಬಸ್ಸಿನಲ್ಲಿ ಅವಳು ವಿಜಾಪುರದ ಮಾತು ತೆಗೆದಳು. ಇದು ನನಗೆ ಗೊತ್ತೇ ಇರದ ಸಂಗತಿ. ನಮ್ಮ ಈ ಸೀಮೆಯೆಲ್ಲ ಆದಿಲ್‌ಶಾಹಿಗಳ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ, 17ನೆಯ ಶತಮಾನದ ಮೊದಲ ಭಾಗದಲ್ಲಿ, ವಿಜಾಪುರದ ಚಿತ್ರಕಾರರು ಕುಂಚದ ಬದಲು ನೀರನ್ನು ನೆಚ್ಚಿ ಕೆಲಸ ಮಾಡಿದ್ದರು. ಆ ಕಲೆಯ ಹೆಸರು ಅಬ್ರಿ. 'ಅಬ್ರ್' ಎಂದರೆ ಪಾರಸಿಯಲ್ಲಿ ಮೋಡ. ಅಗಲವಾದ ತಟ್ಟೆಯಲ್ಲಿ ಲೋಳೆಯಂತೆ ಗಟ್ಟಿ ಮಾಡಿದ ನೀರು. ಅದರ ಮೇಲೆ ಬಣ್ಣದ ಹನಿಗಳು. ಬಣ್ಣ ಮುಳುಗದೆ ಹರಡಲೆಂದು ಅದಕ್ಕೆ ಎತ್ತಿನ ಪಿತ್ತದಂಥ ಪದಾರ್ಥ ಬೆರೆಸುತ್ತಿದ್ದರು. ಅದು ಮೇಲ್ಮೈ ಸೆಳೆತವನ್ನು ಇಳಿಸುತ್ತದೆ, ನಮ್ಮ ಕುಳಿಯ ನೊರೆಯ ಹಾಗೆಯೇ. ತೇಲುವ ಬಣ್ಣವನ್ನು ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದು, ಮೇಲೆ ಕಾಗದ ಹಾಸಿ ಎತ್ತಿದರೆ ಇಡೀ ಮೋಡದ ಆಕಾಶ ಕಾಗದಕ್ಕೆ ಅಂಟಿಕೊಂಡು ಬರುತ್ತದೆ. ನೀರನ್ನು ಗಟ್ಟಿ ಮಾಡಲು ಮೆಂತ್ಯದ ಲೋಳೆ ಬಳಸುವ ಪದ್ಧತಿ ಪಾರಸಿ ಪಾಕಗಳಲ್ಲಿ ಇತ್ತಂತೆ. ನಮ್ಮ ಅಡುಗೆಮನೆಯ ಮೆಂತ್ಯ!

ಬೇರೆ ದೇಶಗಳಲ್ಲಿ ಇಂಥ ಕಾಗದವನ್ನು ಹೆಚ್ಚಾಗಿ ಪುಸ್ತಕದ ಅಂಚಿಗೆ, ಹೊದಿಕೆಗೆ ಬಳಸಿದರು. ತುರ್ಕಿಯವರು ಇದನ್ನು ಎಬ್ರು ಎನ್ನುತ್ತಾರೆ. 2014ರಲ್ಲಿ ಅದು ಯುನೆಸ್ಕೋ ಪರಂಪರೆಯ ಪಟ್ಟಿಗೂ ಸೇರಿತು. ವಿಜಾಪುರದವರು ಇನ್ನೊಂದು ಹೆಜ್ಜೆ ಹಾಕಿದರು. ಕಾಗದದ ಕೆಲವು ಭಾಗವನ್ನು ಮುಚ್ಚಿ, ಕೆಲವು ಭಾಗಕ್ಕೆ ಮಾತ್ರ ಬಣ್ಣ ಹತ್ತುವಂತೆ ಮಾಡಿ, ಅಬ್ರಿಯಿಂದಲೇ ಆಕೃತಿಗಳನ್ನು ಮೂಡಿಸಿದರು. ಎಲುಬು ಕಾಣುವ ಬಡಕಲು ಕುದುರೆ, ಅದರ ಮೇಲೊಬ್ಬ ಬಡಕಲು ಸವಾರ, ಈ ವಸ್ತು ಮತ್ತೆ ಮತ್ತೆ ಬರುತ್ತದೆ. ಕೆಲವು ಚಿತ್ರಗಳಲ್ಲಿ ಕುದುರೆಯ ಮೈಯೇ ಸುಳಿಸುಳಿಯ ಬಣ್ಣ. ಕೆಲವಲ್ಲಿ ಹಿನ್ನೆಲೆ ಮಾತ್ರ. ಇಂಥ ಒಂದು ಕುದುರೆ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಮಗಳು ಅದನ್ನು ಮೊಬೈಲಿನಲ್ಲಿ ತೋರಿಸಿದಳು. ಗೋಳಗುಮ್ಮಟಕ್ಕೆ ನಾಲ್ಕು ಸಲ ಶಾಲೆಯ ಮಕ್ಕಳನ್ನು ಕರೆದೊಯ್ದು ಪ್ರತಿಧ್ವನಿಯ ಪಾಠ ಮಾಡಿದವನಿಗೆ ಈ ಕುದುರೆಯ ಸುಳಿವೇ ಇರಲಿಲ್ಲ. ಮೈಮೇಲಿನ ಗೆರೆಗಳು ಅಪ್ಪಟ ನೊರೆಯ ಗೆರೆಗಳು.

ಊರಿಗೆ ಬಂದ ಮೇಲೆ ನಾನೇ ಅವಳ ಬಣ್ಣದ ಬಾಟಲಿಗಳನ್ನು ಕೇಳಿ ಪಡೆದೆ. ಅವಳಿಗೊಂದು ಅನುಭವದ ಸೂತ್ರವಿತ್ತು: ಬಿಳಿಯನ್ನು ಕಪ್ಪಿನ ಮೇಲೆ ಸುರಿದರೆ ಕಣ್ಣುಗಳು ಏಳುತ್ತವೆ, ಕಪ್ಪನ್ನು ಬಿಳಿಯ ಮೇಲೆ ಸುರಿದರೆ ಏಳುವುದಿಲ್ಲ. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಶಾಲೆಯ ತಕ್ಕಡಿಯಲ್ಲಿ ಎರಡನ್ನೂ ಸಿರಿಂಜಿನಿಂದ ಅಳೆದು ಹತ್ತು ಹತ್ತು ಮಿಲಿಲೀಟರ್ ತೂಗಿದೆವು. ಬಿಳಿ ಒಂದೂವರೆ ಗ್ರಾಂ ಹೆಚ್ಚು ತೂಗಿತು. ಆಗ ಗುಟ್ಟು ಬಿಟ್ಟುಕೊಟ್ಟಿತು. ಬಿಳಿ ಬಣ್ಣದ ಪುಡಿ ಟೈಟೇನಿಯಂ ಡೈಆಕ್ಸೈಡ್. ನೀರಿಗಿಂತ ನಾಲ್ಕು ಪಟ್ಟು ಸಾಂದ್ರ. ಕಪ್ಪು ಬರೀ ಇಂಗಾಲದ ಮಸಿ. ಎರಡು ಪಟ್ಟೂ ಇಲ್ಲ. ಭಾರದ ದ್ರವ ಹಗುರದ ದ್ರವದ ಮೇಲೆ ಕುಳಿತರೆ ಅದು ಕುಳಿತಲ್ಲಿ ಕುಳಿತಿರಲಾರದು. ಅಲ್ಲಲ್ಲಿ ಕೆಳಗಿಳಿಯುತ್ತದೆ, ಸಂದಿಯಲ್ಲಿ ಕೆಳಗಿನದು ಮೇಲೇಳುತ್ತದೆ. ಏಳುವ ಜಾಗಗಳೇ ಆ ಕಣ್ಣುಗಳು. ಭೌತವಿಜ್ಞಾನದಲ್ಲಿ ಇದಕ್ಕೆ ರ್‍ಯಾಲಿ-ಟೇಲರ್ ಅಸ್ಥಿರತೆ ಎಂದು ಹೆಸರು.

ಮೆಕ್ಸಿಕೋದ ಪ್ರಸಿದ್ಧ ಕಲಾವಿದ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕಿನಲ್ಲಿ ನಡೆಸಿದ ಕಾರ್ಯಾಗಾರದಲ್ಲಿ ಹೀಗೆ ಬಣ್ಣದ ಮೇಲೆ ಬಣ್ಣ ಸುರಿಯುವುದನ್ನು ಪ್ರಯೋಗಿಸಿದ್ದ. ಮುಂದೆ ಬಣ್ಣ ಚಿಮುಕಿಸಿಯೇ ಹೆಸರಾದ ಜಾಕ್ಸನ್ ಪೊಲಾಕ್ ಅಲ್ಲಿ ಶಿಷ್ಯನಾಗಿದ್ದ. 'ಆಕಸ್ಮಿಕ ಚಿತ್ರ' ಎಂದು ಸಿಕೇರೋಸ್ ಕರೆದ ಆ ವಿಧಾನವನ್ನು 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮಾಡಿ ನೋಡಿದರು. ಮೇಲಿನ ಬಣ್ಣ ಭಾರವಾಗಿದ್ದರೆ ಮಾತ್ರ ಚಿತ್ತಾರ ಏಳುತ್ತದೆ ಎಂದು ತೋರಿಸಿದರು. ಆಕಸ್ಮಿಕ ಎಂಬ ಹೆಸರು ಅರ್ಧಕ್ಕೆ ಮಾತ್ರ ಸರಿ. ಯಾವ ಕಣ್ಣು ಎಲ್ಲಿ ಏಳುವುದು ಎಂಬುದು ಯಾರ ಕೈಯಲ್ಲೂ ಇಲ್ಲ. ಏಳುವುದೋ ಇಲ್ಲವೋ, ಎಷ್ಟು ದೊಡ್ಡದು, ಯಾವಾಗ ಹಲಗೆ ವಾಲಿಸಬೇಕು, ಯಾವಾಗ ಕೈ ಬಿಡಬೇಕು, ಇದು ಮಾಡುವವರ ಕೈಯಲ್ಲಿದೆ. ಅವಳು ಅಂಥ ಅರುವತ್ತು ಹಲಗೆ ಕೆಡಿಸಿದ್ದಳಂತೆ. ನನಗೆ ತೋರಿಸಿದ್ದು ನಾಲ್ಕು.

ಇಷ್ಟಾದ ಮೇಲೆ ನನಗೂ ಹುರುಪು ಬಂತು. ಒಂದು ಹಲಗೆಗೆ ಗಾಜಿನಂಥ ಹೊದಿಕೆ ಕೊಡೋಣವೆಂದು ರಾಳದ ಡಬ್ಬಿ ತರಿಸಿದೆವು. ಅದೇ ಎಪಾಕ್ಸಿ ರೆಸಿನ್. ಎರಡು ಬಾಟಲಿ ಬರುತ್ತವೆ: ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಅಕ್ರಿಲಿಕ್ ಬಣ್ಣ ಒಣಗುವುದು ನೀರು ಆರಿ. ರಾಳ ಆರುವುದಲ್ಲ, ಎರಡು ದ್ರವಗಳ ಅಣುಗಳು ಕೈಕೈ ಹಿಡಿದು ಬಲೆ ಹೆಣೆದು ಘನವಾಗುತ್ತದೆ. 'ಅಳತೆ ನೀ ಬಿಡು, ನಾ ಬಿ.ಎಸ್ಸಿ. ಮಾಡೀನಿ' ಎಂದು ಲೋಟ ನಾನೇ ತೆಗೆದುಕೊಂಡೆ. ಡಬ್ಬಿಯ ಮೇಲೆ ಎರಡಕ್ಕೆ ಒಂದು ಎಂದಿತ್ತು. ಶಾಲೆಯ ತಕ್ಕಡಿ ಮನೆಯಲ್ಲೇ ಇತ್ತು. ಇನ್ನೂರು ಗ್ರಾಂ ಒಂದು, ನೂರು ಗ್ರಾಂ ಇನ್ನೊಂದು. ನಿಖರವಾಗಿ ತೂಗಿದೆ.

ಮರುದಿನ ಹಲಗೆ ಅಂಟಂಟು. ಮೂರನೆಯ ದಿನವೂ ಅಂಟು. ಮೂಲೆಯಲ್ಲಿ ಎರಡು ಇರುವೆಗಳು ಶಾಶ್ವತವಾಗಿ ನಿಂತುಬಿಟ್ಟಿದ್ದವು. ಮಗಳು ಡಬ್ಬಿಯ ಸಣ್ಣ ಅಕ್ಷರ ಓದಿದಳು: ಎರಡಕ್ಕೆ ಒಂದು, ಗಾತ್ರದಲ್ಲಿ. ಗಟ್ಟಿಕಾರಕ ರಾಳಕ್ಕಿಂತ ಹಗುರ. ತೂಕದಲ್ಲಿ ಅರ್ಧ ಹಾಕಿದರೆ ಗಾತ್ರದಲ್ಲಿ ಅದು ಅರ್ಧಕ್ಕಿಂತ ಹೆಚ್ಚಾಗುತ್ತದೆ. ಪಂಕ್ತಿಯಲ್ಲಿ ಎಲೆಗಿಂತ ಜನ ಹೆಚ್ಚಾದ ಹಾಗೆ, ಕೈ ಹಿಡಿಯಲು ಜೊತೆ ಸಿಗದ ಅಣುಗಳು ಹಾಗೇ ಉಳಿದು ಅಂಟಾಗಿದ್ದವು. ಸಾಂದ್ರತೆಯ ಪಾಠ ಮಾಡಿ ವಾರವಾಗಿರಲಿಲ್ಲ. ಮಿಲಿಲೀಟರ್ ಬರೆಯಬೇಕಾದಲ್ಲಿ ಗ್ರಾಂ ಬರೆದ ಎಷ್ಟು ಮಕ್ಕಳ ಅರ್ಧ ಅಂಕ ನಾನು ಕತ್ತರಿಸಿದ್ದೇನೋ, ಅವರೆಲ್ಲ ಆ ದಿನ ಎಲ್ಲಿದ್ದರೂ ನಕ್ಕಿರಬೇಕು.

ಮನೆಯಲ್ಲಿ ಮಕ್ಕಳು ಇದನ್ನು ಮಾಡುತ್ತೇವೆಂದರೆ ತಂದೆತಾಯಿಗಳು ತಿಳಿದಿರಬೇಕಾದ ಮಾತುಗಳಿವೆ. ಅಕ್ರಿಲಿಕ್ ಬಣ್ಣದಿಂದ ಅಂಥ ಭಯವಿಲ್ಲ. ರಾಳದ ವಿಷಯ ಬೇರೆ. ಗಟ್ಟಿಯಾಗದ ರಾಳ ಕೈಗೆ ತಗುಲುತ್ತಿದ್ದರೆ ಚರ್ಮಕ್ಕೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಜೀವನವಿಡೀ ಬಿಡದೆ ಇರಬಹುದು. ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ದೊಡ್ಡವರು ಜೊತೆಗಿರಬೇಕು. ಒಂದೇ ಲೋಟದಲ್ಲಿ ಹೆಚ್ಚು ಕಲಸಿಟ್ಟರೆ ತನ್ನಷ್ಟಕ್ಕೆ ಕಾದು ಹೊಗೆಯಾಡುತ್ತದೆ. ಸಣ್ಣವರಿಗೆ ರಾಳವೇ ಬೇಡ, ಬರೀ ಬಣ್ಣ ಸಾಕು. ಇನ್ನು ಉಳಿದ ಬಣ್ಣವನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ. ಅದು ಪ್ಲಾಸ್ಟಿಕ್ಕೇ. ಹಳೆಯ ಹಾಳೆಯ ಮೇಲೆ ಒಣಗಿಸಿ, ಸಿಪ್ಪೆಯಂತೆ ಸುಲಿದು ಒಣಕಸಕ್ಕೆ ಹಾಕಿ. ನಮ್ಮ ಮೋರಿಗಳ ನೀರು ಕೊನೆಗೆ ಘಟಪ್ರಭೆಯ ಕಡೆಗೇ ಹೋಗುತ್ತದೆ.

ಆಗಸ್ಟಿನಲ್ಲಿ ಒಂದು ಶನಿವಾರ ಮಗಳನ್ನು ನಮ್ಮ ಶಾಲೆಗೆ ಕರೆದೆ. ಒಂಬತ್ತನೆಯ ತರಗತಿಗೆ ಸಾಂದ್ರತೆಯ ಪಾಠ ಅವಳೇ ಮಾಡಿದಳು. ಮೊದಲು ತೂಗಿಸಿದಳು, ಆಮೇಲೆ ಏನಾಗಬಹುದು ಎಂದು ಕೇಳಿದಳು, ಆಮೇಲೆ ಸುರಿದಳು. ಕರಿಯ ಬಣ್ಣದ ಮೇಲೆ ಬಿಳಿ ಹರಡಿ ಒಂದು ನಿಮಿಷ ಏನೂ ಆಗಲಿಲ್ಲ. ನಂತರ ಒಂದೊಂದೇ ಕರಿಯ ಕಣ್ಣು ಬಿಟ್ಟುಕೊಳ್ಳತೊಡಗಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ವರ್ಷವಿಡೀ ಬಾಯಿ ಬಿಡದವನು, ಮೇಜಿನ ಬಳಿಗೆ ಬಂದು, "ಅಕ್ಕಾರ, ಎಣ್ಣಿ ಹಾಕಿದ್ರ ಏನಾಗತೈತ್ರಿ?" ಎಂದ. ಸಿಲಿಕೋನ್ ಎಣ್ಣೆಯ ಒಂದು ಹನಿ ಹಾಕಿದರೆ ಇನ್ನೂ ದೊಡ್ಡ ಕಣ್ಣು ಬಿಡುತ್ತದೆ. ಆದರೆ ನಮ್ಮ ಬಳಿ ಅದಿರಲಿಲ್ಲ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಯಾರೋ ತಂದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಬಿಳಿ ಬಣ್ಣದ ಬಾಟಲಿ ಖಾಲಿಯಾಗುವವರೆಗೆ ನಡೆಯಿತು.

ದಾವಣಗೆರೆಯ ಅರ್ಜಿಗೆ ನಾನು ಸಹಿ ಹಾಕಿದ್ದು ಅದಕ್ಕೂ ಒಂದು ವಾರ ಮೊದಲೇ. ಪೋಷಕರ ಉದ್ಯೋಗ ಎಂಬಲ್ಲಿ 'ವಿಜ್ಞಾನ ಶಿಕ್ಷಕ' ಎಂದು ತುಂಬುವಾಗ ಪೆನ್ನು ಸ್ವಲ್ಪ ತಡೆಯಿತು. ಅಂಟಿನ ಹಲಗೆಯ ನೆನಪಾಗಿ. ಆ ಹಲಗೆಯನ್ನು ಮಗಳು ಬಿಸಾಡಲು ಬಿಡಲಿಲ್ಲ. ಹಾಲಿನಲ್ಲಿ ಗಡಿಯಾರದ ಕೆಳಗೆ, ಇರುವೆಗಳ ಸಮೇತ, ಈಗಲೂ ಇದೆ. ಮಳೆಗಾಲದಲ್ಲಿ ಬೆರಳಿಟ್ಟರೆ ಇನ್ನೂ ಸ್ವಲ್ಪ ಅಂಟುತ್ತದೆ.